ಕಂಡಕ್ಟರ್ ಚಿಕ್ಕಪ್ಪನ ಕಾಡಿನ ಪರ್ಮಿಟ್

ಹುಟ್ಟುಗುಣ ಸುಟ್ಟರೂ ಹೋಗದಂತೆ. ಕಂಡಕ್ಟರ್ ಗುಣ ನಿವೃತ್ತಿಯಾದರೂ ಹೋಗದು, ನಮ್ಮ ಚಿಕ್ಕಪ್ಪನನ್ನು ನೋಡಿ. ಮನೆಯಲ್ಲಿ ನಾವು ಸೋಫಾದ ಮೇಲೆ ಹರಡಿ ಕೂತರೆ, "ಸ್ವಲ್ಪ ಸರೀರಪ್ಪ, ಇನ್ನೂ ಇಬ್ಬರು ಕೂರಬಹುದು" ಅನ್ನುತ್ತಾರೆ. ಆಸ್ಪತ್ರೆಗೆ ಹೋದರೆ ಕೆಮ್ಮುವವರಿಗೆಲ್ಲ ತಮ್ಮ ಸರದಿ ಕೊಟ್ಟು, ಡಾಕ್ಟರು ಮನೆಗೆ ಹೊರಡುವ ಹೊತ್ತಿಗೆ ಒಳಗೆ ಹೋಗುತ್ತಾರೆ. ಇಂಥವರನ್ನು ದೇವರಂಥ ಮನುಷ್ಯ ಎನ್ನುವವರಿದ್ದಾರೆ. ಜೊತೆಗೆ ಹೋಗಿ ಕಾದು ಕೂತವನಾದ್ದರಿಂದ ನಾನು ಹಾಗೆ ಅನ್ನುವುದಿಲ್ಲ.

ಅವರ ಬಸ್ಸು ರಾಷ್ಟ್ರೀಯ ಉದ್ಯಾನದ ಗೇಟಿನವರೆಗೆ ಹೋಗುತ್ತಿತ್ತು. ಬೆನ್ನಿಗೆ ಚೀಲ ಹೊತ್ತವರನ್ನು ಅಲ್ಲಿ ಇಳಿಸಿ, ಸೀಟಿ ಊದಿ ವಾಪಸು. ಕೆಲಸದಲ್ಲಿದ್ದಷ್ಟು ಕಾಲವೂ ಆ ಗೇಟು ದಾಟಿದವರಲ್ಲ. ಒಳಗಿನ ಕೆರೆಯ ದಂಡೆಯಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಮಲಗಬೇಕೆಂಬ ಆಸೆ ಮಾತ್ರ ಬಿಟ್ಟಿರಲಿಲ್ಲ. ಈ ವರ್ಷ ಹಟ ಹಿಡಿದರು. "ಮನೇಲಿ ಹಾಸಿಗೆ ಇಟ್ಕೊಂಡು ಕಲ್ಲಿನ ಮೇಲೆ ಮಲಗ್ತಾರಂತೆ!" ಎಂದು ಗೊಣಗುತ್ತಲೇ ಚಿಕ್ಕಮ್ಮ ತಮಗೂ ಹೊಸ ಬೂಟು ಕೊಂಡರು.

ಕಾಡಿನಲ್ಲಿ ತಂಗಲು ಪರ್ಮಿಟ್ ಬೇಕು. ಗೇಟಿನ ಕಚೇರಿಯಲ್ಲಿ ಸಾಲಿನಲ್ಲಿ ನಿಂತವರಿಗೆ ಅಂದಂದಿಗೇ ಕೊಡುತ್ತಾರೆ, ಜಾಗ ಮುಗಿದರೆ ಮುಗಿಯಿತು. ಮಾರನೆಯ ದಿನದಿಂದ ಮಳೆಗಾಲಕ್ಕೆಂದು ದಾರಿ ಮುಚ್ಚುವವರಿದ್ದರು. ಮುಂದಿನ ವರ್ಷಕ್ಕೆ ಚಿಕ್ಕಪ್ಪನ ಮಂಡಿ ಕೆರೆಯ ದಾರಿಯ ಬೆಟ್ಟ ಹತ್ತುವುದು ಅನುಮಾನ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು.

ಬೆಳಕು ಹರಿಯುವ ಮುಂಚೆಯೇ ನನ್ನ ಕಾರಿನಲ್ಲಿ ಹೋಗಿ, ನಾವೇ ಮೊದಲಿಗರಾಗಿ ನಿಂತೆವು. ಹೊತ್ತೇರಿದಂತೆ ಜನ ಸೇರಿದರು. ಬಾಗಿಲು ತೆರೆದದ್ದೇ ತಡ, ನೂಕುನುಗ್ಗಲು ಶುರುವಾಯಿತು. ಅದನ್ನು ನೋಡಿಕೊಂಡು ಸುಮ್ಮನಿರಲು ಚಿಕ್ಕಪ್ಪನಿಂದ ಆಗಲಿಲ್ಲ.

"ತಳ್ಬೇಡಿ, ತಳ್ಬೇಡಿ! ಮಕ್ಕಳಿರೋರು ಮುಂದೆ ಬನ್ನಿ. ಅಜ್ಜಿ, ನೀವ್ಯಾಕೆ ಹಿಂದೆ ನಿಂತಿದ್ದೀರಿ? ದೂರ ನಡೆಯೋರು ಯಾರಪ್ಪ? ಈ ಕಡೆ!"

"ರೀ, ನಮ್ಮ ಜಾಗ!" ಚಿಕ್ಕಮ್ಮ ಅವರ ಅಂಗಿ ಹಿಡಿದು ಎಳೆದರು.

"ಒಂದ್ನಿಮಿಷ ಇರೇ."

ಸಾಲು ನೂಲು ಹಿಡಿದಂತೆ ನೇರವಾಯಿತು. ಎಲ್ಲರೂ ಶಹಬ್ಬಾಸ್ ಅಂದರು. ಆ ಚೆಂದದ ಸಾಲಿನ ಬಾಲದಲ್ಲಿ ನಾವು ಮೂವರು ನಿಂತಿದ್ದೆವು. ನನಗೆ ಪಿತ್ತ ನೆತ್ತಿಗೇರಿತ್ತು.

ಕೊನೆಗೂ ನಮ್ಮ ಸರದಿ ಬಂತು. ಕೌಂಟರಿನ ಮೇಡಂ ಬೇಸರದಿಂದಲೇ ಹೇಳಿದರು: "ಒಬ್ಬರಿಗೆ ಮಾತ್ರ ಜಾಗ ಉಳಿದಿದೆ ಸರ್."

ಚಿಕ್ಕಪ್ಪ ಹಿಂದೆ ತಿರುಗಿ ನೋಡಿದರು. ಕೊಟ್ಟುಬಿಡಲು ಯಾರೂ ಇರಲಿಲ್ಲ. ಚಿಕ್ಕಮ್ಮನ ಮುಖ ನೋಡಿದರು. "ನೀನು ಹೋಗು" ಅನ್ನುತ್ತಾರೆಂದು ನನಗೆ ಖಾತ್ರಿಯಿತ್ತು. ಚಿಕ್ಕಮ್ಮ ಆಗಲೇ ಬೇಡವೆಂದು ತಲೆಯಾಡಿಸಲು ಸಿದ್ಧರಾಗಿದ್ದರು.

"ನನಗೇ ಕೊಡಿ" ಅಂದರು ಚಿಕ್ಕಪ್ಪ.

ಅಂದವರು ಕಿವಿಯವರೆಗೂ ಕೆಂಪಾದರು. ಚಿಕ್ಕಮ್ಮ ಬಾಯಿ ತೆರೆದುಕೊಂಡು ನಿಂತರು. ಆಮೇಲೆ ತಟ್ಟನೆ ತಮ್ಮ ಬುತ್ತಿಯನ್ನೂ ತೆಗೆದು ಅವರ ಚೀಲಕ್ಕೆ ತುರುಕಿದರು. "ದಾರೀಲಿ ಯಾರಾದ್ರೂ ಹಸಿದೋರು ಸಿಕ್ಕರೆ ಕೊಟ್ಟುಬಿಡಬೇಡಿ. ನೀವೇ ತಿನ್ನಿ."

ಚಿಕ್ಕಪ್ಪ ಗೇಟು ದಾಟಿ, ತಿರುಗಿ ಕೂಡ ನೋಡದೆ ಹೊರಟುಹೋದರು. ಕಾರಿನಲ್ಲಿ ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸಮಾಧಾನ ಮಾಡೋಣವೆಂದು ನೋಡಿದರೆ ನಗುತ್ತಿದ್ದಾರೆ!

"ನನಗೆ ಕೊಡಿ ಅಂತ ಆ ಮನುಷ್ಯ ಕೇಳಿದ್ದನ್ನ ಮದುವೆ ಆದಾಗಿಂದ ನಾನು ಕಂಡೇ ಇರಲಿಲ್ಲ ಕಣೋ" ಅಂದರು. "ನನ್ನ ಬಿಟ್ಟು ಹೋದ್ರಲ್ಲ ಅಂತ ಸಿಟ್ಟು ಬರಬೇಕು. ಏನ್ ಮಾಡಿದ್ರೂ ಬರ್ತಾನೇ ಇಲ್ಲ."