ಹತ್ತೊಂಬತ್ತರ ಮಗ್ಗಿ ಮತ್ತು ಎರಡು ಬೆರಳು

ನಮ್ಮ ಭಾಷೆಯಲ್ಲಿ ಸೋಮಾರಿಯೂ ಮೈ ಮುರಿಯುತ್ತಾನೆ, ದುಡಿಯುವವನೂ ಮೈ ಮುರಿದೇ ದುಡಿಯುತ್ತಾನೆ. ಕೆ.ಆರ್. ಪೇಟೆ ಸೀಮೆಯಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದ ನಾನು ಇವರಿಬ್ಬರಲ್ಲಿ ಯಾರ ಪೈಕಿಯೋ ನೀವೇ ಹೇಳಿ. ಮಕ್ಕಳ ಮೈ ಮುರಿಸಿದ್ದಂತೂ ನಿಜ.

ಓಡುವ ಮುಂಚೆ, ಹಾರುವ ಮುಂಚೆ ಎಲ್ಲರೂ ಮಂಡಿ ಮಡಿಸದೆ ಬಾಗಿ ಕಾಲ್ಬೆರಳು ಹಿಡಿದು ನಿಲ್ಲಬೇಕು ಎಂಬುದು ನನ್ನ ಶಿಸ್ತು. ಶಾಲೆಯ ಸ್ಟಾಪ್‌ವಾಚು ಕೆಟ್ಟಿತ್ತು. ಅದಕ್ಕೇ ಹತ್ತೊಂಬತ್ತರ ಮಗ್ಗಿ ಹೇಳಿಸುತ್ತಿದ್ದೆ. ಮುಗಿಯುವ ತನಕ ಏಳುವಂತಿಲ್ಲ. ಮೈಯೂ ಬಗ್ಗೀತು, ಲೆಕ್ಕವೂ ಬಂದೀತು ಎಂದು ಬೀಗುತ್ತಿದ್ದೆ. ನನ್ನ ಕಾಲ್ಬೆರಳು ನನ್ನ ಕೈಗೆ ಸಿಕ್ಕಿ ಎಷ್ಟು ವರ್ಷವಾಗಿತ್ತೋ, ಅದನ್ನು ಯಾರೂ ಕೇಳಲಿಲ್ಲ. ಸೀಟಿ ನನ್ನ ಬಾಯಲ್ಲಿತ್ತಲ್ಲ.

ಬೂಕನಕೆರೆ ಕಡೆಯಿಂದ ಬರುತ್ತಿದ್ದ ಜಯಾ ಲಾಂಗ್‌ಜಂಪಿನಲ್ಲಿ ನಮ್ಮ ಶಾಲೆಯ ಹೆಮ್ಮೆ. ಮಗ್ಗಿಯಲ್ಲಿ ಮಾತ್ರ ದಡ್ಡಿ. ಜಿಲ್ಲಾ ತಂಡದ ಆಯ್ಕೆಯ ದಿನ ಅವಳು ತನ್ನ ಪಾಡಿಗೆ ತಾನು ಕುಪ್ಪಳಿಸುತ್ತ, ಪುಟ್ಟ ಪುಟ್ಟ ಓಟ ಓಡುತ್ತ ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬಂತು.

“ಅದೇನಮ್ಮಿ ಕಪ್ಪೆ ಕುಣ್ದಂಗೆ? ಬಗ್ಗು. ಮಗ್ಗಿ ಯೋಳು.”

ಹತ್ತೊಂಬತ್ತೇಳಕ್ಕೆ ತಡವರಿಸಿದಳು. ಮೊದಲಿನಿಂದ ಹೇಳಿಸಿದೆ. ಮತ್ತೆ ತಡವರಿಸಿದಳು, ಮತ್ತೆ ಹೇಳಿಸಿದೆ. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಎದ್ದವಳೇ ಓಡಿ ಹಾರಿದಳು. ಎರಡು ಬೆರಳಿನಷ್ಟರಲ್ಲಿ ತಂಡ ತಪ್ಪಿತು.

“ಕಾಲಲ್ಲಿ ಕಸುವೇ ಇರ್ನಿಲ್ಲ ಸಾ” ಎಂದಳು.

“ನೆಟ್ಟಗೆ ಬಗ್ಗಿದ್ರೆ ಇರ್ತಿತ್ತು” ಎಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಿವೃತ್ತಿಗೆ ಸ್ವಲ್ಪ ಮುಂಚೆ ಒಂದು ತರಬೇತಿಗೆ ಹೋಗಿದ್ದೆ. ನನ್ನ ಮಗನ ವಯಸ್ಸಿನವನೊಬ್ಬ ಪಾಠ ಹೇಳಿದ. ಹೀಗೆ ಎಳೆದು ಹಿಡಿದು ನಿಂತರೆ ದಿನಗಳೆದಂತೆ ಮೈ ಸಲೀಸಾಗಿ ಬಾಗುತ್ತದೆ, ಸರಿ. ಆದರೆ ಹಾರುವುದಕ್ಕೆ ತುಸು ಮುಂಚೆ ಬಹಳ ಹೊತ್ತು ಹಾಗೆ ಹಿಡಿದರೆ ಸ್ನಾಯುವಿನ ಕಸುವು ಸ್ವಲ್ಪ ಕಾಲ ಕುಗ್ಗುತ್ತದಂತೆ. ಮೊದಲು ಓಡಿ ಕುಣಿದು ಮೈ ಬಿಸಿಯಾಗಬೇಕು, ಎಳೆದು ನಿಲ್ಲುವುದು ಆಟ ಮುಗಿದ ಮೇಲೆ. ನಾನು ಊಟಕ್ಕೆ ಮೊದಲೇ ಎಲೆ ಅಡಿಕೆ ಹಾಕಿಸಿದ್ದೆ. ಜಯಾಳಿಗೆ ಕಮ್ಮಿಬಿದ್ದ ಆ ಎರಡು ಬೆರಳು ನೆನಪಾಯಿತು.

ಹೋದ ತಿಂಗಳು ನೆಂಟರ ಮನೆಗೆಂದು ನಾಗಮಂಗಲಕ್ಕೆ ಹೋಗಿದ್ದೆ. ಶಾಲೆಯೊಂದರ ಕಾಂಪೌಂಡಿನಾಚೆ ಮಕ್ಕಳು ಒಕ್ಕೊರಲಿನಲ್ಲಿ ಹತ್ತೊಂಬತ್ತರ ಮಗ್ಗಿ ಹೇಳುತ್ತಿದ್ದರು. ಇಣುಕಿದರೆ ಎಲ್ಲರೂ ಬಗ್ಗಿ ನಿಂತಿದ್ದಾರೆ; ಎದುರಿಗೆ ಸೀಟಿ ಹಿಡಿದು ಜಯಾ! ಪಿ.ಟಿ. ಟೀಚರಾಗಿದ್ದಾಳೆ. ಓಡಿ ಬಂದು ಕಾಲು ಮುಟ್ಟಿದಳು.

“ನೀವು ಯೋಳ್ಕೊಟ್ಟಂಗೇ ಸಾ, ಒಂದಿಷ್ಟೂ ತಪ್ಸಿಲ್ಲ. ನಾಳಿಕ್ಕೆ ಇವ್ರಿಗೆ ಸೆಲೆಕ್ಷನ್ನು.”

ಹೊಗಳಿಸಿಕೊಂಡು ಸುಮ್ಮನೆ ಬಸ್ಸು ಹತ್ತಿಬಿಡಬಹುದಿತ್ತು. ಅರವತ್ತು ದಾಟಿದ ಮೇಲೆ ಬಗ್ಗುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು.

“ನಾನು ಯೋಳ್ಕೊಟ್ಟಿದ್ದೇ ತಪ್ಪು ಕಣವ್ವ. ಮೊದ್ಲು ಕುಣುಸ್ಬೇಕು, ಬಗ್ಸೋದು ಆಮ್ಯಾಕೆ” ಎಂದು ಎಲ್ಲವನ್ನೂ ಹೇಳಿದೆ.

ಜಯಾ ಸೀಟಿ ಊದಿ ಮಕ್ಕಳನ್ನು ಎಬ್ಬಿಸಿ ಮೈದಾನ ಸುತ್ತಲು ಕಳಿಸಿದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು: “ಅಂಗಾರೆ ಅವತ್ತು ನಂಗೆ ಮಗ್ಗಿ ಬಂದಿದ್ರೆ ಗೆದ್ಬುಡ್ತಿದ್ನಾ ಸಾ?”

“ಮಗ್ಗಿ ಬರ್ದಿದ್ರೂ ಗೆಲ್ತಿದ್ದೆ ಕಣವ್ವ” ಎಂದೆ, “ಮೇಷ್ಟ್ರು ಬರ್ದೆ ಇದ್ದಿದ್ರೆ.”