ಬಿಡಿ ಮಾಡಿದ ಜೋಡಿ

ಪರದೆ ನೀಲಿಯಾದಾಗ ನಾನು ಅವಳ ಹಿಂದೆಯೇ ನಿಂತಿದ್ದೆ. ನನ್ನ ಹೆಂಡತಿ ಐದು ಹೆಂಗಸರ ತಂಡವೊಂದರಲ್ಲಿ ಆನ್‌ಲೈನ್ ಬಂದೂಕಿನ ಗೇಮ್ ಆಡುತ್ತಾಳೆ. ಉಳಿದ ನಾಲ್ವರು ಬೇರೆ ಬೇರೆ ಊರಿನವರು, ಇವಳು ಮಸ್ಕಿಯ ನಮ್ಮ ಮನೆಯ ಒಳಕೋಣೆಯಿಂದ. ಅಭ್ಯಾಸದ ನಡುವೆ ಕಂಪ್ಯೂಟರ್ ತಾನೇ ಆರಿತು, ತಾನೇ ಮತ್ತೆ ಹೊತ್ತಿಕೊಂಡಿತು. ಆ ವಾರದಲ್ಲಿ ಹೀಗಾದದ್ದು ಅದೇ ಮೊದಲಲ್ಲ. ಸ್ವಲ್ಪ ಹೊತ್ತಿಗೆ ಹುಬ್ಬಳ್ಳಿಯಿಂದ ತಂಡದ ನಾಯಕಿಯ ಫೋನು ಬಂತು.

"ಭಾನುವಾರ ಆಯ್ಕೆ ಸುತ್ತು ಐತಿ. ಅವತ್ತೂ ನೀ ನಡುವ ಬಿದ್ದಿ ಅಂದ್ರ ನಿನ್ನ ಜಾಗಕ್ಕ ಬ್ಯಾರೇದವರನ್ನ ಹಾಕ್ತೀನಿ. ಬ್ಯಾಸರ ಮಾಡ್ಕೋಬ್ಯಾಡ."

"ಇಲ್ಲಕ್ಕ," ಎಂದಳು ಇವಳು. ಫೋನು ಕೆಳಗಿಟ್ಟು ಕಂಪ್ಯೂಟರ್ ಬಂದ್ ಮಾಡಿದಳು. ಕಪ್ಪಾದ ಪರದೆಯಲ್ಲಿ ಅವಳ ಮುಖ ಕಾಣುತ್ತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ತಪ್ಪು ಎಲ್ಲಿದೆ ಎಂದು ನಮಗೆ ಗೊತ್ತಿತ್ತು: ಕಂಪ್ಯೂಟರಿನ ಮೆಮೊರಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ. ಗ್ರಾಫಿಕ್ಸ್ ಕಾರ್ಡ್ ನಮ್ಮ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. ಅದಿಲ್ಲದೆಯೂ ಚಿತ್ರ ಮೂಡಿಸಬಲ್ಲ ಪ್ರೊಸೆಸರ್ ಒಂದನ್ನು ಆರಿಸಿಕೊಂಡಿದ್ದೆವು. ಅಂಥ ಪ್ರೊಸೆಸರ್ ಚಿತ್ರಕ್ಕೆ ಬೇಕಾದ ಮೆಮೊರಿಯನ್ನೂ ರ‍್ಯಾಮ್‌ನಿಂದಲೇ ಎಳೆದುಕೊಳ್ಳುತ್ತದೆ. ಹಾಗಾಗಿ ಮೆಮೊರಿಯ ಎರಡು ಪಟ್ಟಿ ಬೇಕು, ಎರಡೂ ವೇಗವಾಗಿರಬೇಕು. ಒಂದೇ ಪಟ್ಟಿಯೆಂದರೆ ಒಂಟಿ ಎತ್ತು ಕಟ್ಟಿ ಗಳೆ ಹೊಡೆದಂತೆ. ಮೊದಲ ಪಟ್ಟಿಯನ್ನು ಸಿಂಧನೂರಿನ ಅಂಗಡಿಯಲ್ಲಿ ಕೊಂಡೆವು. ಎರಡನೆಯದಕ್ಕೆ ಕೈಯಲ್ಲಿ ಹಣ ಕೂಡುವಷ್ಟರಲ್ಲಿ ರೇಟು ಏರಿತ್ತು. ಆದರೂ ಅಲ್ಲಿಯೇ ಕೊಂಡೆವು: ಅದೇ ಕಂಪನಿ, ಅದೇ ಬಣ್ಣ, ಸ್ಟಿಕ್ಕರ್ ಮೇಲೆ ಅದೇ ವೇಗ, ೩೨೦೦.

ಸ್ಟಿಕ್ಕರ್ ಮೇಲೆ ಬರೆದ ವೇಗ ಪಟ್ಟಿಯ ಸಹಜ ವೇಗವಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಹಾಕಿದಾಗ ಅದು ನಿಧಾನವಾಗಿಯೇ ಓಡುತ್ತದೆ. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್ ಒಳಗೆ ಹೋಗಿ ಒಂದು ಪ್ರೊಫೈಲ್ ಆನ್ ಮಾಡಿದರೆ ಮಾತ್ರ ಬರೆದ ವೇಗಕ್ಕೆ ಏರುತ್ತದೆ. ಅಂದರೆ ಓವರ್‌ಕ್ಲಾಕ್ ಮಾಡಿದ, ಸಹಜಕ್ಕಿಂತ ಬಲವಂತವಾಗಿ ಏರಿಸಿದ ವೇಗವನ್ನೇ ನಮಗೆ ಮಾರಿರುತ್ತಾರೆ. ನಮ್ಮ ಎರಡೂ ಪಟ್ಟಿಗಳು ಒಂದೊಂದೇ ಇದ್ದಾಗ ಆ ವೇಗದಲ್ಲಿ ಓಡಿದವು. ಜೊತೆಗೆ ಹಾಕಿದರೆ ಅರ್ಧ ಗಂಟೆಯೊಳಗೆ ಕಂಪ್ಯೂಟರ್ ಆರಿಬಿಡುತ್ತಿತ್ತು. ಅವಳು ಜಾಗ ಅದಲುಬದಲು ಮಾಡಿದಳು, ವೋಲ್ಟೇಜ್ ಕೂದಲೆಳೆಯಷ್ಟು ಏರಿಸಿದಳು, ಟೈಮಿಂಗ್ ಸಡಿಲ ಮಾಡಿದಳು. ಪ್ರತಿ ಸಲವೂ ಮೆಮೊರಿ ಪರೀಕ್ಷೆಯ ಪರದೆಯಲ್ಲಿ ತಪ್ಪು ತೋರಿಸುವ ಕೆಂಪು ಸಾಲು ಬಂತು. ವೇಗ ಇಳಿಸಿದರೆ ಆರುತ್ತಿರಲಿಲ್ಲ, ಆದರೆ ಗುಂಡು ಹಾರುವ ಹೊತ್ತಿಗೆ ಸರಿಯಾಗಿ ಚಿತ್ರ ತೊದಲುತ್ತಿತ್ತು.

ನಾನು ವೇಬ್ರಿಡ್ಜ್‌ನಲ್ಲಿ ಲಾರಿ ತೂಗುವವನು. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಖಾಲಿ ಲಾರಿಗಳು ಎಂದೂ ಒಂದೇ ತೂಕ ಬರುವುದಿಲ್ಲ. ಅದು ಗೊತ್ತಿದ್ದೂ ಸ್ಟಿಕ್ಕರ್ ನೋಡಿ ನಂಬಿದ್ದೆ.

ಸಿಂಧನೂರಿನ ಅಂಗಡಿಯವರು ನಮ್ಮ ದೂರು ಕೇಳಿ ಎರಡೂ ಪಟ್ಟಿಗಳನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು.

"ಎರಡೂ ಅದ ಕಂಪನಿ ಅದಾವಲ್ರೀ ಅಕ್ಕಾರ?"

"ಕಂಪನಿ ಅದ, ಒಳಗಿನ ಚಿಪ್ ಬ್ಯಾರೆ," ಎಂದಳು ನನ್ನ ಹೆಂಡತಿ. "ಮೊದಲನೇದು ಡಬ್ಬಿ ಇಲ್ಲದ ಕೊಟ್ಟಿದ್ರಿ. ಯಾಕ್ರಿ?"

"ಅದು ಜೋಡಿ ಡಬ್ಬಿಯೊಳಗ ಬಂದಿತ್ತು. ಎರಡೂ ಒಮ್ಮೆಗೆ ಯಾರ್ ಒಯ್ತಾರ ಇಲ್ಲಿ? ಶಾಂಪೂನ ಬಿಡಿ ಒಯ್ಯೋ ಊರಿದು. ಬಿಡಿ ಮಾಡಿ ಒಂದು ನಿಮಗ ಕೊಟ್ಟೆ, ಒಂದು ಲಿಂಗಸುಗೂರಿನ ಮದುವಿ ವಿಡಿಯೋದವ್ರಿಗೆ ಬಸ್ಸಿನಾಗ ಕಳಿಸಿದೆ."

ಅವರು ಅದನ್ನು ತಪ್ಪೆಂದು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅದು ನಮಗೆ ಮಾಡಿದ ಉಪಕಾರ. ಕಂಪನಿ ಎರಡನ್ನೂ ಜೊತೆಗೆ ಓಡಿಸಿ, ಹೊಂದಿದವು ಎಂದು ಖಾತ್ರಿಯಾದ ಮೇಲೆ ಒಂದೇ ಡಬ್ಬಿಯಲ್ಲಿ ಹಾಕಿ ಮುಚ್ಚಿತ್ತು. ಇವರು ಅದನ್ನು ಒಡೆದು ಎರಡು ಊರಿಗೆ ಹಂಚಿದ್ದರು. ಲಿಂಗಸುಗೂರಿನ ಬಸ್ಸು ನಮ್ಮ ಮಸ್ಕಿಯ ಮೇಲೆಯೇ ಹೋಗುತ್ತದೆ. ನಮ್ಮ ಪಟ್ಟಿಯ ಜೋಡಿ ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಮುಂದೆ ಹೋಗಿತ್ತು.

"ಹೊಸಾ ಜೋಡಿ ಏನ್ ರೇಟ್ ಐತ್ರಿ ಈಗ?" ಎಂದೆ.

"ಕೇಳಬ್ಯಾಡ್ರಿ ಅಣ್ಣಾರ. ನನಗ ಹೇಳಾಕ ನಾಚಿಕಿ ಬರ್ತೈತಿ."

ಮರುದಿನ ಲಿಂಗಸುಗೂರಿಗೆ ಹೋದೆವು. ವಿಡಿಯೋದವರು ಐವತ್ತರ ಆಸುಪಾಸಿನವರು. ಫೋಟೋ ತೆಗೆಯಲು ತೂಗುಹಾಕಿದ್ದ ಜಲಪಾತದ ಚಿತ್ರದ ಬಟ್ಟೆಯ ಹಿಂದೆ ಕುಳಿತು ಯಾರದೋ ಅರಿಶಿನದ ಕಾರ್ಯಕ್ರಮದ ವಿಡಿಯೋ ಕತ್ತರಿಸಿ ಜೋಡಿಸುತ್ತಿದ್ದರು. ನಾವು ಕೇಳಿದ್ದು ಸಣ್ಣದು: ನಿಮ್ಮ ಹಳೆಯ ಪಟ್ಟಿ ಕೊಡಿ, ಅಷ್ಟೇ ಸಾಮರ್ಥ್ಯದ ನಮ್ಮ ಹೊಸದು ತೆಗೆದುಕೊಳ್ಳಿ. ಅವರ ಕಂಪ್ಯೂಟರ್ ಹೇಗೂ ಸಹಜ ವೇಗದಲ್ಲೇ ಓಡುತ್ತಿತ್ತು. ಅವರಿಗೆ ನಷ್ಟವಿರಲಿಲ್ಲ.

ಅವರು ಚಹಾ ತರಿಸಿದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಹೊಸಾದು ಕೊಟ್ಟು ಹಳೇದು ಕೇಳಾಕತ್ತೀರಿ. ಮ್ಯಾಲ ಬಸ್ ಚಾರ್ಜ್ ಹಾಕ್ಕೊಂಡು ಬಂದೀರಿ. ಅದರಾಗ ಅಂಥಾದ್ದೇನೈತಿ ಭಾಯಿ?"

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಅನುಮಾನ ಹೋಗಲಿ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಎರಡೂ ಒಂದೇ ಡಬ್ಬಿಯವು, ಒಂದೇ ಬಗೆಯ ಚಿಪ್ ಇರುವವು, ಜೊತೆಗಿದ್ದರೆ ಮಾತ್ರ ಪೂರ್ತಿ ವೇಗಕ್ಕೆ ನಿಲ್ಲುತ್ತವೆ ಎಂದೆ. ನಾನು ಎಷ್ಟು ಸ್ಪಷ್ಟವಾಗಿ ಹೇಳಿದೆನೋ ಅಷ್ಟಷ್ಟು ಅವರ ಪಟ್ಟಿಯ ಬೆಲೆ ಅವರ ಕಣ್ಣಲ್ಲಿ ಏರುತ್ತಿತ್ತು. ಅದು ನನಗೆ ಕಾಣುತ್ತಲೂ ಇತ್ತು, ನಾನು ನಿಲ್ಲಿಸಲೂ ಇಲ್ಲ.

"ಹಂಗಾದ್ರ ಒಂದ್ ಕೆಲಸ ಮಾಡ್ರಿ," ಎಂದರು ಅವರು. "ನಿಮ್ಮದ ನನಗ ಮಾರಿಬಿಡ್ರಿ. ಒಂದು ಮದುವಿ ಹೊರಗ ಬರಬೇಕಂದ್ರ ನನ್ನ ಮಷೀನ್ ಉಂಡು, ನಿದ್ದಿ ಹೊಡದು, ಆಮ್ಯಾಲ ಕೊಡ್ತೈತಿ. ಜೋಡಿ ಚಲೋ ಅಂತ ನೀವ ಹೇಳಾಕತ್ತೀರಿ."

"ಅದು ಆಕಿ ಆಡೋ ಕಂಪ್ಯೂಟರಿಗೆ ಬೇಕ್ರಿ."

"ಆಟಕ್ಕಾ?" ನಕ್ಕರು, ಆದರೆ ಕೆಟ್ಟದಾಗಿ ಅಲ್ಲ. "ನಂದು ಹೊಟ್ಟಿಪಾಡು ಭಾಯಿ. ನಿಮ್ಮದು ಆಟ. ನೀವ ಹೇಳ್ರಿ, ಯಾರು ಬಿಡಬೇಕು?"

ನನಗೆ ಸಿಟ್ಟಿತ್ತು, ಆದರೆ ಅದನ್ನು ಯಾರ ಮೇಲೆ ಇಡುವುದೆಂದು ತಿಳಿಯಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಅಣ್ಣಾರ, ಭಾನುವಾರತನಕ ನಿಮ್ಮದು ನನ್ನ ಕಡೆ ಇರ್ಲಿ. ಈ ಹೊಸಾದು ನಿಮ್ಮ ಮಷೀನಿಗೆ ಹಾಕಿ ಹೋಗ್ತೀನಿ, ನಿಮ್ಮ ಕೆಲಸ ನಿಲ್ಲಂಗಿಲ್ಲ. ಸೋಮವಾರ ಜೋಡಿ ಎರಡೂ ನಿಮ್ಮವು. ಈ ಹೊಸಾದು ತಿರುಗಿ ಕೊಟ್ಟು, ನನ್ನ ಒಂದರ ರೊಕ್ಕ ಕೊಡ್ರಿ, ಸಾಕು."

"ಏನ್ ಮಾತಾಡಾಕತ್ತಿ?" ಎಂದೆ. ಅವಳು ನನ್ನ ಕಡೆ ತಿರುಗಲಿಲ್ಲ.

"ಜಬಾನ್?" ಎಂದು ಕೇಳಿದರು ಅವರು, ಮಾತಿಗೆ ತಪ್ಪುವುದಿಲ್ಲವಲ್ಲ ಎಂಬಂತೆ.

"ಜಬಾನ್."

ಬಸ್ಸಿನಲ್ಲಿ ಬರುವಾಗ ನಾನು ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ಅವಳೇ ಹೇಳಿದಳು: "ಖಾಲಿ ಕೈಲೆ ಬಂದಿದ್ರ ಭಾನುವಾರನೂ ಇರ್ತಿದ್ದಿಲ್ರಿ. ಈಗ ಅದೊಂದರ ಐತಿ."

ಮನೆಯಲ್ಲಿ ಜೋಡಿಯನ್ನು ಹಾಕಿದಳು. ಬರೆದ ವೇಗಕ್ಕೆ ಏರಿಸಿ ಮಧ್ಯಾಹ್ನವಿಡೀ ಪರೀಕ್ಷೆಗೆ ಬಿಟ್ಟಳು. ಒಂದೂ ಕೆಂಪು ಸಾಲು ಬರಲಿಲ್ಲ. ನಮ್ಮ ಅಷ್ಟು ದಿನದ ಪರದಾಟಕ್ಕೆ ಅರ್ಥವೇ ಇರಲಿಲ್ಲವೇನೋ ಎಂಬಂತೆ ಅದು ಓಡಿತು. ಸಂತೋಷಪಡುವ ಬದಲು ನನಗೆ ಇನ್ನಷ್ಟು ಸಿಟ್ಟು ಬಂತು.

ಭಾನುವಾರ ನಾನು ಆಟ ನೋಡಲೇ ಇಲ್ಲ. ಪರದೆಯ ಮೂಲೆಯಲ್ಲಿ ಚಿತ್ರದ ವೇಗ ತೋರಿಸುತ್ತ ಓಡುವ ಸಣ್ಣ ಅಂಕಿಗಳನ್ನೇ ನೋಡುತ್ತ ನಿಂತಿದ್ದೆ. ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ಕೊನೆಯಲ್ಲಿ ಹೆಡ್‌ಫೋನ್ ತೆಗೆದು ಸ್ಪೀಕರ್ ಹಚ್ಚಿದಾಗ ನಾಲ್ವರೂ ಒಟ್ಟಿಗೆ ಮಾತಾಡುತ್ತಿದ್ದರು. ಗೆದ್ದಿದ್ದರು. ನಾಯಕಿ, "ಈಗ ನೋಡವ್ವ. ಬರೋ ಭಾನುವಾರ ಮುಂದಿನ ಸುತ್ತು. ಇನ್ನ ನೀನ ಪಕ್ಕಾ," ಎಂದಳು.

ಸೋಮವಾರ ಬೆಳಿಗ್ಗೆ ನಾನು ಹೇಳಬಾರದ್ದನ್ನು ಹೇಳಿದೆ. "ಒಂದು ಸುಟ್ಟು ಹೋತು ಅನ್ನೋಣು. ಇಲ್ಲಾಂದ್ರ ಇನ್ನೊಂದ್ ವಾರ ಕೇಳೋಣು."

"ಅವರಿಗೆ ಮದುವಿ ಸೀಜನ್ ಐತ್ರಿ. ಮತ್ತ ಜಬಾನ್ ಕೊಟ್ಟಾಕಿ ನಾನು, ನೀವಲ್ಲ."

ಸಿಂಧನೂರಿನ ಮದುವೆಯೊಂದಕ್ಕೆ ಹೊರಟಿದ್ದ ವಿಡಿಯೋದವರು ದಾರಿಯಲ್ಲಿ ನಮ್ಮ ಮನೆಗೆ ಬಂದರು. ನಮ್ಮ ಹೊಸ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಅವಳು ಮೊದಲು ಮೈಮೇಲಿನ ಸ್ಥಿರ ವಿದ್ಯುತ್ ಇಳಿಯಲೆಂದು ಕಂಪ್ಯೂಟರ್ ಕ್ಯಾಬಿನೆಟ್ಟಿನ ತಗಡು ಮುಟ್ಟಿ, ಆಮೇಲೆ ಕ್ಲಿಪ್ ಒತ್ತಿ ಎರಡನ್ನೂ ಹೊರತೆಗೆದಳು.

"ಗೆದ್ರೇನ್ ತಂಗಿ?"

"ಗೆದ್ವಿ ಅಣ್ಣಾರ."

"ಮಾಶಾ ಅಲ್ಲಾ. ಹಂಗಾದ್ರ ನಿಮ್ಮ ಕೆಲಸ ಮುಗೀತು."

ನಾನು ಬಾಯಿ ತೆರೆದೆ. ಅವಳು ನನಗಿಂತ ಮೊದಲು ಮಾತಾಡಿದಳು: "ಎರಡೂ ಹಾಕಿದ ಮ್ಯಾಲ ಬಯೋಸ್‌ನಾಗ ಪ್ರೊಫೈಲ್ ಆನ್ ಮಾಡ್ಸ್ರಿ. ಇಲ್ಲಾಂದ್ರ ಜೋಡಿ ಇದ್ರೂ ನಿಧಾನನ ಓಡ್ತೈತಿ." ಅದನ್ನೂ ಯಾಕೆ ಹೇಳಿದಳು ಎಂದು ನನಗೆ ಉರಿಯಿತು. ಅವರು ಆ ಮಾತನ್ನು ಎರಡು ಸಲ ಹೇಳಿಸಿಕೊಂಡು, ಹಣ ಕೊಟ್ಟು, ಪಟ್ಟಿಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು.

ಉಳಿದ ಒಂದನ್ನು ಹಾಕಿ ಅವಳು ಕಂಪ್ಯೂಟರ್ ಹಚ್ಚಿದಳು. ಹೊತ್ತಿತು. ಅಷ್ಟರಲ್ಲಿ ಅವಳ ಫೋನಿಗೆ ನಾಯಕಿಯ ಸಂದೇಶ ಬಂತು: ಸಂಜೆ ಅಭ್ಯಾಸ, ಎಲ್ಲರೂ ಬರಬೇಕು. ಅವಳು ಏನೋ ಬರೆದು ಕಳಿಸಿದಳು.

"ಏನ್ ಬರದಿ?"

"ಬರ್ತೀನಿ ಅಂತ."

"ಯಾವುದರ ಮ್ಯಾಲ ಬರ್ತಿ?"

ಅವಳು ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಮುಚ್ಚಲಿಲ್ಲ. ಅದನ್ನು ಗೋಡೆಗೆ ಒರಗಿಸಿ, ಕುರ್ಚಿ ಎಳೆದುಕೊಂಡು ಕೂತು, ಆ ಒಂದೇ ಪಟ್ಟಿ ಬರೆದ ವೇಗಕ್ಕಿಂತ ಎಷ್ಟು ಮೇಲೆ ಏರುತ್ತದೋ ನೋಡಲು ಬಯೋಸ್ ತೆರೆದಳು.