ಗಣಿತದಲ್ಲಿ ಮೂವತ್ತೊಂದು

ನಲವತ್ತಾರನೆಯ ವಯಸ್ಸಿನಲ್ಲಿ ನಾನು ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದೆ. ವಿದ್ಯಾನಗರದ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ನನ್ನದು. ಕಾಯಂ ಆಗಬೇಕಾದರೆ ಹತ್ತನೆಯದು ಪಾಸಾಗಿರಬೇಕು ಎಂದಿದ್ದರು. ಅವ್ವನ ಆರೈಕೆಗೆಂದು ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ನನ್ನ ಮದುವೆಯ ಮಾತೆತ್ತುವವರು ಅವ್ವನಿಗಿಂತ ಮುಂಚೆಯೇ ತೀರಿಹೋಗಿದ್ದರು. ಕಮರಿಪೇಟೆಯ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಓದಿದೆ, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು, ನಕ್ಕರೆ ನಾನು ಸುಮ್ಮನಿರುವವಳಲ್ಲ.

ರಿಸಲ್ಟ್ ಫೋನಿನಲ್ಲೇ ಬಂತು. ಒಟ್ಟು ಮಾರ್ಕ್ಸ್ ಮುನ್ನೂರರ ಮೇಲಿತ್ತು, ಕೆಳಗೆ ಮಾತ್ರ ಫೇಲ್ ಎಂದಿತ್ತು. ಈ ಬೋರ್ಡಿನವರ ಮನಿ ಹಾಳಾಗಲಿ, ಕೂಡಿಸಲಿಕ್ಕೂ ಬರುವುದಿಲ್ಲ ಎಂದು ಬೈಯುತ್ತ ಓಣಿಯ ಝೆರಾಕ್ಸ್ ಅಂಗಡಿಗೆ ಹೋದೆ.

"ಯಾರ್ದ್ರೀ ಅಕ್ಕಾರ?" ಎಂದ ಅಂಗಡಿಯವನು.

"ಮಗಳದು. ಕೂಡಿಸಿದ್ದು ತಪ್ಪೈತಿ, ನೋಡು," ಎಂದುಬಿಟ್ಟೆ. ಫೋನಿನಲ್ಲಿ ನನ್ನ ಹೆಸರೇ ಇತ್ತು. ಆದರೆ ಓಣಿಯಲ್ಲಿ ಯಾರಿಗೆ ಗೊತ್ತು ನನ್ನ ಹೆಸರು?

"ಲೆಕ್ಕ ಬರೋಬ್ಬರಿ ಐತ್ರೀ. ಗಣಿತದಾಗ ಮೂವತ್ತೊಂದು ಬಂದಾವು, ಮೂವತ್ತೈದು ಬೇಕು."

"ಕನ್ನಡದಾಗ ಎಂಬತ್ತೆರಡು ಬಂದಾವಲ್ಲೋ ತಮ್ಮಾ! ಅದರಾಗಿನ ನಾಲ್ಕು ಇತ್ತಾಗ ಹಾಕಿದ್ರ ಯಾರಪ್ಪನ ಗಂಟು ಹೋಗತೈತಿ?"

ಜೋಳದ ಹಿಟ್ಟು ಕಡಿಮೆ ಬಿದ್ದರೆ ಒಂದು ಹಿಡಿ ಗೋಧಿಹಿಟ್ಟು ಬೆರೆಸುವುದಿಲ್ಲವೇ, ಮಾರ್ಕ್ಸೂ ಹಾಗೆ ಎಂದುಕೊಂಡಿದ್ದೆ.

"ಹಂಗ ನಡ್ಯಾಂಗಿಲ್ರೀ. ಒಂದೊಂದು ವಿಷಯಾನೂ ಬ್ಯಾರೆ ಬ್ಯಾರೆ ಪಾಸಾಗಬೇಕು. ಉಳಿದ್ವು ಆದಂಗಽ, ಗಣಿತ ಒಂದಽ ಮತ್ತ ಬರಸ್ರಿ. ಮಗಳಿಗೆ ಬೈಬ್ಯಾಡ್ರಿ, ಭಾಳ ಮನಸ್ಸಿಗೆ ಹಚ್ಚಿಕೋತಾರ. ನಾಳೆ ಆಕೀನ್ನ ಕರಕೊಂಡ ಬರ್ರಿ, ಫಾರ್ಮ್ ತುಂಬೂಣು."

ದಾರಿಯುದ್ದಕ್ಕೂ ಇಲ್ಲದ ಆ ಮಗಳಿಗೆ ಸಮಾಧಾನ ಹೇಳುತ್ತ ಬಂದೆ. ಇರಲಿ ಬಿಡವಾ, ನಾಲ್ಕಽ ನಾಲ್ಕು. ಉದ್ದ ಜಡೆಯವಳು, ಸಿಟ್ಟು ಮಾತ್ರ ಥೇಟ್ ನನ್ನದೇ. ಊಟ ಒಲ್ಲೆ ಎಂದಳು. ಎರಡು ತುತ್ತು ತಿನ್ನು ಎಂದು ಗಂಟುಬಿದ್ದೆ. ಹುಚ್ಚು ಎನ್ನಿ ಬೇಕಾದರೆ. ಅವ್ವ ಹೋದ ಮೇಲೆ ಆ ಖೋಲಿಯಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಮರುದಿನ ಅಂಗಡಿಯವನು ನನ್ನ ಹಿಂದೆ ಇಣುಕಿ ನೋಡಿದ. "ಮಗಳೆಲ್ರೀ?"

ಫಾರ್ಮಿಗೆ ಪರೀಕ್ಷೆ ಬರೆದವಳದೇ ಸಹಿ ಬೇಕು. ಇನ್ನೆಷ್ಟು ಹೊತ್ತು ಸುಳ್ಳು ಹೇಳಲಿ?

"ಮಗಳು ಇಲ್ಲಪಾ. ಗಣಿತದಾಗ ಬಿದ್ದಾಕಿ ನಾನಽ."

ಅವನು ನಗಲಿಲ್ಲ. ಫಾರ್ಮು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟ. ಸಹಿ ಮಾಡಹೋದವಳಿಗೆ ಅಳು ತಡೆಯಲಾಗಲಿಲ್ಲ.

"ಅಳಬ್ಯಾಡ್ರೀ ಅಕ್ಕಾರ, ನಾಲ್ಕು ಮಾರ್ಕ್ಸ್ ಏನ್ ದೊಡ್ಡದು? ಈ ಸಲ ಬಂದಽ ಬರ್ತಾವು," ಎಂದ.

ಮಾರ್ಕ್ಸು ಬರುತ್ತವೆ ಎಂದು ನನಗೂ ಗೊತ್ತಿತ್ತು. ಮಗಳು ಇಲ್ಲ ಎಂದು ನನ್ನ ಬಾಯಿಂದಲೇ ಹೇಳಿಬಿಟ್ಟಿದ್ದೆನಲ್ಲ, ಅದಕ್ಕೆ ಅಳುತ್ತಿದ್ದೆ.